ಎದುರು ಮಾತಿಲ್ಲದ ಸಭೆ

ಬಿಷ್ಕೆಕ್
ಜೂನ್ 14, 2011

ಮಗಳು ಜಿಪಾರ್‌ಗೆ,

ನಲವತ್ತನೆಯ ದಿನದ ಊಟ ಮುಗಿದ ಬೆನ್ನಿಗೇ ನೀನು ಹಿಮನದಿಯ ನಿಲ್ದಾಣಕ್ಕೆ ಹೊರಟುಹೋದದ್ದನ್ನು ನಿನ್ನ ಅತ್ತೆ ಬುರುಲ್ ಇನ್ನೂ ಒಪ್ಪಿಕೊಂಡಿಲ್ಲ. ಗಂಡನನ್ನು ಕಳೆದುಕೊಂಡ ಸೊಸೆ ವರ್ಷದ ತಿಥಿಯ ಆಶ್ ಊಟ ಮುಗಿಯುವ ತನಕ ಮನೆಯ ಹೊಸಿಲಿನೊಳಗೆ ಇರಬೇಕು ಎಂಬುದು ಬುರುಲ್‌ಳ ಪಕ್ಷ. ಜೂನಿನಲ್ಲಿ ಮಂಜಿಗೆ ಕಂಬ ನೆಡದಿದ್ದರೆ ಸೆಪ್ಟೆಂಬರಿನಲ್ಲಿ ಅಳೆಯಲು ಏನೂ ಉಳಿದಿರುವುದಿಲ್ಲ ಎಂಬುದು ನಿನ್ನ ಪಕ್ಷ. ಎರಡು ಪಕ್ಷಗಳಲ್ಲೂ ಹುರುಳಿದ್ದುದರಿಂದ ತೀರ್ಪು ಕೊಡಲು ನಾನು ನಿರಾಕರಿಸಿದೆ. ಹಾಗೆ ನಿರಾಕರಿಸಿದ್ದನ್ನು ಅವಳು ನಿನ್ನ ಪರವಾದ ತೀರ್ಪೆಂದೇ ಎಣಿಸಿದ್ದಾಳೆ.

ಈ ಪತ್ರ ಬರೆಯುವುದಕ್ಕೆ ಬೇರೆ ಕಾರಣವಿದೆ. ಮುಂದಿನ ಹತ್ತು ವರ್ಷ ನಮ್ಮ ದೇಶದಲ್ಲಿ ಭೂಮಿಯ ಬಗ್ಗೆ ಯಾವ ಮೂಲ ಸಂಶೋಧನೆ ಮೊದಲು ನಡೆಯಬೇಕು ಎಂದು ನಿರ್ಧರಿಸುವ ನಮ್ಮ ಸಮಿತಿ ನಿನ್ನೆ ಸೇರಿತ್ತು. ಪಟ್ಟಿಯ ಮೊದಲ ಮೂರು ವಿಷಯಗಳಿಗೆ ಮಾತ್ರ ಹಣವೂ ಜನರೂ ಸಿಗುತ್ತಾರೆ; ನಾಲ್ಕನೆಯದರಿಂದ ಮುಂದಿನವು ಕಾಗದದಲ್ಲಿ ಉಳಿಯುತ್ತವೆ. ಪರ್ವತಗಳ ತಳದ ಬಿರುಕುಗಳಿಗೆ ಮೊದಲ ಸ್ಥಾನ, ಭೂಕಂಪದ ಹಳೆಯ ಗುರುತುಗಳಿಗೆ ಎರಡನೆಯದು ಎಂಬುದು ಮೊದಲೇ ಖಚಿತವಿತ್ತು. ಮೂರನೆಯ ಸ್ಥಾನಕ್ಕೆ ನಾನು ದಕ್ಷಿಣದ ಹಳದಿ ಮಣ್ಣಿನ ಗುಡ್ಡಗಳ ಕುಸಿತವನ್ನು ಮಂಡಿಸಿದೆ. ಪ್ರಸ್ತಾವದ ತಲೆಯ ಮೇಲೆ ಮೆದೆರ್‌ನ ಹೆಸರಿಟ್ಟೆ. ನನ್ನ ಮಗ ಏಪ್ರಿಲಿನಲ್ಲಿ ಯಾವ ಗುಡ್ಡದ ಕೆಳಗೆ ಹೋದನೋ ಆ ಗುಡ್ಡದ ಬಗೆಗೆ ನಮಗೆ ಏನೂ ತಿಳಿದಿಲ್ಲವೆಂದು ಹೇಳಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳ ಕಾಲದಿಂದ ಈಚೆಗೆ ಅಷ್ಟು ಕಟ್ಟುನಿಟ್ಟಾಗಿ ನಾನು ಮಾತನಾಡಿರಲಿಲ್ಲ.

ಯಾರೂ ಎದುರು ಮಾತಾಡಲಿಲ್ಲ. ಅಧ್ಯಕ್ಷ ಕಚ್ಕಿನ್‌ಬಾಯ್, ಆ ಸ್ಪರ್ಧೆಗಳಲ್ಲಿ ನನ್ನ ಮೇಲೆ ಹರಿಹಾಯುತ್ತಿದ್ದವನು, ಟೋಪಿ ಸರಿಪಡಿಸಿಕೊಂಡು "ಸಗಿನ್‌ಬಾಯ್ ಹೇಳಿದ್ದಾಯ್ತು. ಇನ್ನೇನಿದೆ? ಬರ್ಕೊಳ್ಳಿ" ಎಂದ. ಬರೆದುಕೊಂಡರು. ಮಗನ ಪ್ರಶ್ನೆ ಮೂರನೆಯದಾಯಿತು. ಹಿಮನದಿಗಳ ಅಳತೆ ನಾಲ್ಕಕ್ಕೆ ಇಳಿಯಿತು. ಅಕ್ಟೋಬರಿನ ಸಭೆಯಲ್ಲಿ ಪಟ್ಟಿಗೆ ಅಂತಿಮ ಮುದ್ರೆ ಬೀಳುತ್ತದೆ.

ನಿನಗೆ ಸಮಾಧಾನವಾಗುತ್ತದೆಂದು ತಿಳಿಸುತ್ತಿದ್ದೇನೆ.

ಸಗಿನ್‌ಬಾಯ್


ಹಿಮನದಿ ನಿಲ್ದಾಣ
ಜುಲೈ 5

ಗೌರವದ ಅತಾ,

ತಮ್ಮ ಪತ್ರವನ್ನು ಲಾರಿಯ ತಾಲಯ್ ಹಿಟ್ಟಿನ ಮೂಟೆಯ ಮೇಲಿಟ್ಟುಕೊಂಡು ತಂದರು. ಲಕೋಟೆಯೆಲ್ಲ ಬಿಳಿಯಾಗಿತ್ತು. "ನಿಮ್ಮ ಮಾವನ ಅಕ್ಷರ ನೋಡಿದ್ರೇ ಬೆನ್ನು ನೆಟ್ಟಗಾಗುತ್ತೆ ತಂಗಿ" ಎಂದರು.

ನಮ್ಮ ಮನೆಯವರ ಹೆಸರನ್ನು ಮೇಲಿಟ್ಟು ಮಾತಾಡಿದಿರಿ ಎಂದು ಓದಿದೆ. ನಿಮ್ಮ ಶ್ರಮಕ್ಕೆ ನಾನು ಋಣಿ.

ಇಲ್ಲಿ ಎಲ್ಲ ಕ್ಷೇಮ. ಕಂಬ ನೆಡುವುದು ಮುಗಿಯಿತು. ಕಳೆದ ವರ್ಷ ನನ್ನ ಎದೆಯೆತ್ತರಕ್ಕೆ ನಿಲ್ಲಿಸಿ ಹೋಗಿದ್ದ ಕಂಬವೊಂದು ಮಂಜು ಕರಗಿ ಬುಡ ಬಿಟ್ಟು ಅಡ್ಡ ಮಲಗಿತ್ತು. ಅದನ್ನೆತ್ತಿ ಮತ್ತೆ ಆಳಕ್ಕೆ ಕೊರೆದು ನಿಲ್ಲಿಸಿದೆವು. ಮಧ್ಯಾಹ್ನದ ಹೊತ್ತು ಮಂಜಿನ ಒಳಗೆ ನೀರು ಹರಿಯುವ ಸದ್ದು ಈ ಸಲ ಜೂನಿನಲ್ಲೇ ಶುರುವಾಗಿದೆ. ಎನೆ ಅತ್ತೆಯವರ ರಕ್ತದೊತ್ತಡದ ಮಾತ್ರೆ ಮುಗಿಯುತ್ತ ಬಂದಿರಬೇಕು; ಅಲಮೇದಿನ್ ಮಾರುಕಟ್ಟೆಯ ಬಳಿಯ ಅಂಗಡಿಯದನ್ನೇ ತರಿಸಿ, ಬೇರೆಯದು ಅವರಿಗೆ ತಲೆ ಸುತ್ತು ತರುತ್ತದೆ.

ಒಂದು ಮಾತು ಕೇಳಬೇಕಿತ್ತು. ಚಳಿಗಾಲಕ್ಕೆ ನಿಲ್ದಾಣಕ್ಕೆ ಕಲ್ಲಿದ್ದಲು ಇಳಿಸಬೇಕೋ ಎಂದು ತಾಲಯ್ ಕೇಳುತ್ತಿದ್ದಾರೆ. ಆಗಸ್ಟಿನೊಳಗೆ ಹೇಳದಿದ್ದರೆ ಆಮೇಲೆ ಲಾರಿ ಹತ್ತುವುದಿಲ್ಲ. ಹೂಂ ಎನ್ನಲೇ, ಬೇಡ ಎನ್ನಲೇ?

ನಿಮ್ಮ ಸೊಸೆ,
ಜಿಪಾರ್


ಬಿಷ್ಕೆಕ್
ಜುಲೈ 21

ಮಗಳು ಜಿಪಾರ್‌ಗೆ,

ನಿನ್ನ ಪತ್ರದಲ್ಲಿ ದೂರು ಇರಲಿಲ್ಲ. ಮುನಿಸೂ ಇರಲಿಲ್ಲ. ಕಲ್ಲಿದ್ದಲಿನ ಬಗ್ಗೆ ಒಂದು ಸಾಲು ಇತ್ತು. ಮೊದಲ ಓದಿಗೆ ಅದನ್ನು ಮನೆವಾರ್ತೆಯೆಂದು ದಾಟಿಹೋದೆ. ಆಮೇಲೆ ಊಟಕ್ಕೆ ಕುಳಿತಾಗ ಆ ಸಾಲು ತುತ್ತಿಗೆ ಅಡ್ಡ ಬಂತು. ನಾಲ್ಕನೆಯ ಸ್ಥಾನವೆಂದರೆ ನಿಲ್ದಾಣದ ಬಾಗಿಲಿಗೆ ಬೀಗ ಎಂಬುದು ನನಗೆ ತಿಳಿಯದ ಸಂಗತಿಯಾಗಿರಲಿಲ್ಲ. ಅಲ್ಲಿ ಬದುಕುತ್ತಿರುವವಳು ನೀನು ಎಂಬುದೂ ತಿಳಿಯದ್ದಲ್ಲ. ಎರಡನ್ನೂ ತಿಳಿದವನು ಅವೆರಡನ್ನು ಒಂದೆಡೆ ಇಟ್ಟು ನೋಡದೆ ನಿನಗೆ ಶುಭವಾರ್ತೆಯ ಧಾಟಿಯಲ್ಲಿ ಕಾಗದ ಬರೆದೆ.

ಮರುದಿನ ಕಚ್ಕಿನ್‌ಬಾಯ್‌ನ ಮನೆಗೆ ಹೋದೆ. ಅವನು ಹಿತ್ತಲಿನಲ್ಲಿ ಏಪ್ರಿಕಾಟ್ ಒಣಹಾಕುತ್ತಿದ್ದ. ಮೂರನೆಯ ಸ್ಥಾನವನ್ನು ಮತ್ತೆ ಚರ್ಚೆಗೆ ತೆರೆಯಬೇಕು, ಹಿಮನದಿಯ ಪಕ್ಷ ಹಿಡಿದು ಯಾರಾದರೂ ನನ್ನ ವಾದವನ್ನು ಖಂಡಿಸಬೇಕು ಎಂದೆ.

"ಯಾರು ಖಂಡಿಸ್ತಾರೆ? ನಾನಾ?" ಎಂದ. "ನೀನು ಮಗನ್ನ ಕಳ್ಕೊಂಡು ವರ್ಷ ಆಗಿಲ್ಲ. ಮಣ್ಣಾದ ಮನೆಯವನ ಮಾತಿಗೆ ಎದುರು ಮಾತಾಡಿದ್ರೆ ನನ್ನ ಹೆಂಡ್ತಿ ನನಗೆ ರೊಟ್ಟಿ ಹಾಕ್ತಾಳಾ?"

"ಹಾಗಾದರೆ ಸಮಿತಿ ನನ್ನ ವಾದವನ್ನು ಒಪ್ಪಿದ್ದಲ್ಲವೋ?"

"ವಾದಾನಾ? ದೋಸ್ತ್, ನೀನು ಮಾತಾಡ್ತಿದ್ದಾಗ ನಾನು ನಿನ್ನ ಕೋಟಿನ ಗುಂಡಿ ನೋಡ್ತಿದ್ದೆ. ತಪ್ಪು ತೂತಿಗೆ ಹಾಕ್ಕೊಂಡಿದ್ದೆ. ಸಾವಿನ ಮನೆಗೆ ಕೊಶುಮ್ಚಾ ಅಂತ ಕುರಿ ಹೊಡ್ಕೊಂಡು ಹೋಗಲ್ವಾ, ಕಂಬಳಿ ಕೊಡಲ್ವಾ? ನಮ್ಮ ಹತ್ರ ಕುರಿ ಇರ್ಲಿಲ್ಲ. ಮೂರನೇ ಸ್ಥಾನ ಇತ್ತು. ಕೊಟ್ವಿ."

"ನನಗೆ ಬೇಡ. ಹಿಂದಕ್ಕೆ ತೆಗೆದುಕೊಳ್ಳಿ."

"ಕೊಶುಮ್ಚಾಕ್ಕೆ ಕೊಟ್ಟ ಕುರೀನ ಯಾವನಾದ್ರೂ ವಾಪಸ್ ಹೊಡ್ಕೊಂಡ್ ಹೋಗಿದ್ದು ನೋಡಿದೀಯಾ? ನೀನೇ ಹಿಂದೆ ತಗೊಂಡ್ರೂ ಆಗಲ್ಲ. ‘ಪಾಪ, ದುಃಖದಲ್ಲಿ ಮನಸ್ಸು ಕೆಟ್ಟಿದೆ, ಪ್ರಸ್ತಾವ ಇರ್ಲಿ’ ಅಂತಾರೆ. ನಿನ್ನಷ್ಟೇ ದುಃಖ ಇರೋರು ಯಾರಾದ್ರೂ ಎದ್ದು ನಿಂತು ಬೇಡ ಅಂದ್ರೆ, ಆಗ ಬೇರೆ ಮಾತು. ಅಂಥೋರು ಯಾರಿದಾರೆ?"

ಅವನು ತನ್ನ ಪ್ರಶ್ನೆಗೆ ಉತ್ತರವಿಲ್ಲವೆಂದುಕೊಂಡು ಏಪ್ರಿಕಾಟಿನ ಕಡೆ ತಿರುಗಿದ. ಆದರೆ ಉತ್ತರವಿದೆ. ಅಂಥವಳು ಒಬ್ಬಳೇ ಇದ್ದಾಳೆ. ಅವಳು ಮಂಜಿನ ಮೇಲೆ ಕಂಬ ನೆಡುತ್ತಿದ್ದಾಳೆ.

ಜಿಪಾರ್, ಸಭೆಯಲ್ಲಿ ಮೌನ ಬಿದ್ದ ಕ್ಷಣದಲ್ಲೇ ಅದು ಒಪ್ಪಿಗೆಯ ಮೌನವಲ್ಲವೆಂದು ನನಗೆ ಗೊತ್ತಾಗಿತ್ತು. ನಮ್ಮ ಕಾಲೇಜಿನಲ್ಲಿ ಎದುರಾಳಿ ಬಾರದ ದಿನ ಯಾರನ್ನೂ ಗೆದ್ದವನೆಂದು ಸಾರುತ್ತಿರಲಿಲ್ಲ. ಅದನ್ನು ಬಲ್ಲ ನಾನು ಎದ್ದು "ಇದು ಸಲ್ಲದು" ಎನ್ನಬಹುದಿತ್ತು. ಎನ್ನಲಿಲ್ಲ. ಕೈಗೆ ಬಂದದ್ದನ್ನು ಜೇಬಿಗಿಳಿಸಿದೆ.

ಆದ್ದರಿಂದ ನೀನು ಅಕ್ಟೋಬರಿನ ಸಭೆಗೆ ಬಂದು ನನ್ನ ಪ್ರಸ್ತಾವವನ್ನು ವಿರೋಧಿಸಬೇಕು. ಖಂಡನೆಯನ್ನು ಮೊದಲು ಬರೆದು ನನಗೆ ಕಳಿಸು.

ಸಗಿನ್‌ಬಾಯ್


ಹಿಮನದಿ ನಿಲ್ದಾಣ
ಆಗಸ್ಟ್ 4

ಗೌರವದ ಅತಾ,

ನೀವು ಹೇಳಿದ್ದನ್ನು ಮೀರಬಾರದೆಂದು ಬರೆಯಲು ಕುಳಿತೆ. ನೀವು ಹೇಳಿದ್ದೇ ನಿಮ್ಮನ್ನು ಮೀರು ಎಂದಾಗ ಏನು ಮಾಡಬೇಕೆಂದು ನನ್ನ ತವರಿನಲ್ಲಿ ಯಾರೂ ಕಲಿಸಿಲ್ಲ.

ನಿಮ್ಮ ಮನೆಗೆ ಬಂದ ದಿನದಿಂದ ನೀವು ನಡೆಯುವ ದಾರಿಯನ್ನು ನಾನು ಅಡ್ಡ ದಾಟಿಲ್ಲ. ನೀವು ಕುಳಿತ ಕಡೆಗೆ ಬೆನ್ನು ತೋರಿಸಿಲ್ಲ. ಅಷ್ಟು ಹಿರಿಯರ ಎದುರು ನಿಂತು ನಿಮ್ಮ ಮಾತು ತಪ್ಪು ಎಂದರೆ ಎನೆ ನನಗೆ ಮತ್ತೆ ಬಾಗಿಲು ತೆರೆಯುತ್ತಾರೆಯೇ? ಆದರೂ ಬರೆ ಎಂದಿದ್ದೀರಿ, ಬರೆದಿದ್ದೇನೆ.

ಗುಡ್ಡಗಳ ಕುಸಿತದ ಅಧ್ಯಯನ ಅತ್ಯಂತ ಅಗತ್ಯವಾದದ್ದು. ಅದಕ್ಕೆ ಆದ್ಯತೆ ಸಿಕ್ಕಿರುವುದು ಎಲ್ಲರಿಗೂ ಸಂತೋಷದ ವಿಷಯ. ಆದಾಗ್ಯೂ ಹಿರಿಯರು ದಯವಿಟ್ಟು ಹಿಮನದಿಗಳನ್ನೂ ಸ್ವಲ್ಪ ಗಮನಿಸಬಹುದಾದರೆ ಒಳ್ಳೆಯದಿತ್ತು. ಒಕ್ಕೂಟ ಒಡೆದ ಮೇಲೆ ಈ ನಿಲ್ದಾಣ ಹಲವು ವರ್ಷ ಮುಚ್ಚಿತ್ತು. ಆ ವರ್ಷಗಳ ಅಳತೆ ನಮಗಿಲ್ಲ. ಹಾಗೆ ಮತ್ತೆ ಆಗದಿದ್ದರೆ ಚೆನ್ನ. ತಪ್ಪಿದ್ದರೆ ಕ್ಷಮಿಸಬೇಕು.

ನಿಮ್ಮ ಸೊಸೆ,
ಜಿಪಾರ್


ಬಿಷ್ಕೆಕ್
ಆಗಸ್ಟ್ 12

ಮಗಳು ಜಿಪಾರ್‌ಗೆ,

ನೀನು ಕಳಿಸಿದ್ದು ಖಂಡನೆಯಲ್ಲ, ಸಲಾಮು. ನನ್ನನ್ನು ಹೊಗಳಿ ಆರಂಭಿಸಿದ್ದೀಯೆ, ಕ್ಷಮೆ ಕೇಳಿ ಮುಗಿಸಿದ್ದೀಯೆ, ನಡುವೆ ಒಂದೇ ಒಂದು ಸತ್ಯವನ್ನು ಪೆಟ್ಟಿಗೆಯ ತಳದಲ್ಲಿ ಒಡವೆ ಬಚ್ಚಿಡುವಂತೆ ಇಟ್ಟಿದ್ದೀಯೆ. ಇದನ್ನು ಸಭೆಯಲ್ಲಿ ಓದಿದರೆ ಎಲ್ಲರೂ "ಒಳ್ಳೆ ಸೊಸೆ" ಎಂದು ತಲೆದೂಗಿ, ನಿಲ್ದಾಣಕ್ಕೆ ಬೀಗ ಹಾಕುತ್ತಾರೆ.

ಎದುರಾಳಿಯನ್ನು ಗೌರವಿಸುವುದೆಂದರೆ ಅವನ ಅತ್ಯಂತ ಬಲವಾದ ಮಾತನ್ನು ಹುಡುಕಿ ಅಲ್ಲಿಗೇ ಹೊಡೆಯುವುದು. ಮೆತ್ತಗಿರುವ ಕಡೆ ತಟ್ಟುವುದು ಅವಮಾನ. ನನ್ನ ಪ್ರಸ್ತಾವದ ಪ್ರತಿಯನ್ನು ಲಗತ್ತಿಸಿದ್ದೇನೆ. ಅದನ್ನು ಯಾರೋ ಅಪರಿಚಿತ ಬರೆದನೆಂದು ಭಾವಿಸಿ ಓದು. ಅದರಲ್ಲಿ ನಿನಗೆ ಕಂಡ ನಿಜವಾದ ಕೊರತೆ ಏನೋ ಅದನ್ನು ಬರೆ. ನಾನು ಓದಬಲ್ಲೆನೋ ಇಲ್ಲವೋ ಎಂದು ಯೋಚಿಸಬೇಡ.

ಸಗಿನ್‌ಬಾಯ್


ಹಿಮನದಿ ನಿಲ್ದಾಣ
ಆಗಸ್ಟ್ 29

ಅತಾ,

ಪ್ರಸ್ತಾವವನ್ನು ಓದಿದೆ. ಅದರಲ್ಲಿ ಪ್ರಶ್ನೆಯೇ ಇಲ್ಲ. ಉತ್ತರ ಮಾತ್ರ ಇದೆ.

ಊರುಗಳ ಮೇಲಿರುವ ಗುಡ್ಡಗಳಿಗೆ ಉಪಕರಣ ಹಚ್ಚಬೇಕು, ಮಣ್ಣು ಜರುಗಿದರೆ ಸೈರನ್ ಕೂಗಬೇಕು, ಜನರು ಓಡಬೇಕು ಎಂದು ಬರೆದಿದ್ದೀರಿ. ಅದು ಬೇಕು. ಹತ್ತು ವರ್ಷವಲ್ಲ, ಈ ಚಳಿಗಾಲದಲ್ಲೇ ಬೇಕು. ಆದರೆ ಅದು ತುರ್ತು ಪರಿಹಾರದ ಇಲಾಖೆ ಮಾಡಬೇಕಾದ ಕೆಲಸ. ಗೊತ್ತಿರುವುದನ್ನು ಗುಡ್ಡಕ್ಕೆ ಕೊಂಡೊಯ್ಯುವ ಕೆಲಸ. ಗೊತ್ತಿಲ್ಲದ್ದನ್ನು ಹುಡುಕುವುದಕ್ಕೆಂದು ಇಟ್ಟಿರುವ ಜಾಗದಲ್ಲಿ ನೀವು ಸೈರನ್ ಇಟ್ಟಿದ್ದೀರಿ. ಏಪ್ರಿಲಿನ ಆ ಬೆಳಿಗ್ಗೆ ಕೂಗಬೇಕಿದ್ದ ಸೈರನ್ ಅದು. ನನಗೂ ಅದು ದಿನವೂ ಕೇಳಿಸುತ್ತದೆ. ಆದರೆ ಅದು ಪ್ರಶ್ನೆಯಲ್ಲ.

ನಿಮ್ಮ ಮಗನ ಪ್ರಶ್ನೆ ಬೇರೆ ಇತ್ತು. ಉಜ್ಗೆನ್ ಕಡೆ ಎದುರುಬದುರು ಎರಡು ಗುಡ್ಡಗಳು. ಒಂದೇ ಮಣ್ಣು, ಒಂದೇ ಓರೆ, ಬೀಳುವ ಮಂಜೂ ಮಳೆಯೂ ಒಂದೇ. ಒಂದು ಕುಸಿದು ಕೆಸರಿನ ಹೊಳೆಯಾಗಿ ಹರಿಯಿತು. ಇನ್ನೊಂದರ ಮೇಲೆ ಅದೇ ದಿನ ಕುರಿಗಳು ಮೇಯುತ್ತಿದ್ದವು. ಎಲ್ಲರೂ ಬಿದ್ದ ಗುಡ್ಡವನ್ನು ಅಳೆಯಲು ಓಡುತ್ತಾರೆ, ನಿಂತದ್ದು ಯಾಕೆ ನಿಂತಿತು ಎಂದು ಯಾರೂ ಕೇಳುವುದಿಲ್ಲ ಎನ್ನುತ್ತಿದ್ದರು. ಅದಕ್ಕೇ ನಿಂತ ಗುಡ್ಡದ ಮೇಲೆ ಗುಳಿ ತೋಡಿ ಕೂತರು. ಅದೇ ಗುಡ್ಡ ಅವರನ್ನು ಒಯ್ದಿತು. ಪ್ರಶ್ನೆ ಸುಳ್ಳಾಗಲಿಲ್ಲ, ಮತ್ತಷ್ಟು ಕಠಿಣವಾಯಿತು. ನಿಮ್ಮ ಪ್ರಸ್ತಾವದಲ್ಲಿ ಅವರ ಹೆಸರಿದೆ. ಇದರ ಒಂದು ಸಾಲೂ ಇಲ್ಲ.

ಒಮ್ಮೆ ನವ್ರೂಜ್ ಹಬ್ಬದ ಊಟದ ಹೊತ್ತಿಗೆ ಇದನ್ನು ನಿಮಗೆ ಹೇಳಲು ಹೊರಟಿದ್ದರು. "ಅತಾ, ಎರಡು ಗುಡ್ಡ ಇದೆ" ಎಂದು ಶುರು ಮಾಡಿದರು. "ಮೊದಲು ನಿನ್ನ ನಿಲುವು ಹೇಳು, ದೃಷ್ಟಾಂತ ಆಮೇಲೆ" ಎಂದಿರಿ. ಅವರು ನಕ್ಕು ರೊಟ್ಟಿ ಮುರಿದರು. ಮುಂದೆ ಹೇಳಲಿಲ್ಲ.

ಹಿಮನದಿಯ ಬಗ್ಗೆ ನನ್ನ ವಾದ ಚಿಕ್ಕದು. ಗುಡ್ಡದ ಪ್ರಶ್ನೆಯನ್ನು ಮುಂದಿನ ವರ್ಷವೂ ಕೇಳಬಹುದು, ಗುಡ್ಡಗಳು ಇರುತ್ತವೆ. ಹಿಮನದಿಯ ಈ ವರ್ಷ ಮುಂದಿನ ವರ್ಷ ಇರುವುದಿಲ್ಲ. ಅಳೆಯದೆ ಬಿಟ್ಟ ಬೇಸಿಗೆಯನ್ನು ಯಾವ ಹಣ ಕೊಟ್ಟರೂ ಮತ್ತೆ ಕರೆದು ಕೂರಿಸಿ ಅಳೆಯಲಾಗುವುದಿಲ್ಲ.

ಇನ್ನೊಂದನ್ನೂ ಬರೆಯುತ್ತೇನೆ, ಇದನ್ನು ಸಭೆಯಲ್ಲಿ ಹೇಳುವುದಿಲ್ಲ. ನಿಮ್ಮ ಮೊದಲ ಪತ್ರ ಬಂದ ದಿನ ಅವರ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಸತ್ತಮೇಲೂ ಮನೆಯವರೆಲ್ಲ ಅವರ ಕೆಲಸವನ್ನೇ ಎತ್ತಿ ಹಿಡಿದರು, ನನ್ನ ಕೆಲಸ ಹಿತ್ತಿಲಿಗೆ ಹೋಯಿತು ಎಂದು. ಮಣ್ಣಾಗಿ ಮೂರು ತಿಂಗಳು ತುಂಬದ ಗಂಡನ ಮೇಲೆ. ಇಂಥ ಹೆಂಗಸನ್ನು ನೀವು ನಿಮ್ಮಷ್ಟೇ ದುಃಖದವಳೆಂದು ಸಭೆಗೆ ಕರೆಯುತ್ತಿದ್ದೀರಿ.

ಕಲ್ಲಿದ್ದಲು ಇಳಿಸಲು ಹೇಳಿದ್ದೇನೆ. ನಿಮ್ಮನ್ನು ಕೇಳದೆ.

ಜಿಪಾರ್


ಬಿಷ್ಕೆಕ್
ಸೆಪ್ಟೆಂಬರ್ 30

ಜಿಪಾರ್,

ಇಷ್ಟು ದಿನ ಉತ್ತರ ಬರೆಯದೆ ಇದ್ದುದಕ್ಕೆ ಕೆಲಸದ ಒತ್ತಡವನ್ನು ಕಾರಣವಾಗಿ ಕೊಡಬಹುದಿತ್ತು. ಕೆಲಸವೇನೂ ಇರಲಿಲ್ಲ.

ಸಭೆ ಅಕ್ಟೋಬರ್ 11ಕ್ಕೆ. ತಾಲಯ್ ನಿನ್ನನ್ನು ಕರೆತರುತ್ತಾನೆ. ಪತ್ರದಲ್ಲಿ ಬರೆದದ್ದನ್ನು, ಹೇಳುವುದಿಲ್ಲವೆಂದದ್ದನ್ನು ಬಿಟ್ಟು, ಹಾಗೇ ಹೇಳು. ನಾನು ನನ್ನ ಪ್ರಸ್ತಾವವನ್ನು ಪೂರ್ಣ ಶಕ್ತಿಯಿಂದ ಸಮರ್ಥಿಸುತ್ತೇನೆ. ಬೇಕೆಂದೇ ಸೋತುಕೊಡುವೆನೆಂದು ತಿಳಿಯಬೇಡ.

ನಿನ್ನ ಅತ್ತೆಗೆ ಸಂಗತಿ ತಿಳಿಯಿತು. "ಸೊಸೇನ ಮಾವನ ಎದುರು ನಿಲ್ಸಿ, ನನ್ನ ಮಗನ್ನ ಪಟ್ಟಿಯಿಂದ ಹೊರಗೆ ಹಾಕ್ತೀರಾ? ಹೊರಗಿನೋರು ಯಾರೂ ಮಾಡದ್ದನ್ನ ಮನೆಯೋರೇ ಸೇರಿ ಮಾಡ್ತೀರಾ?" ಎಂದು ಕೇಳಿ, ನರಿನ್‌ನಲ್ಲಿರುವ ತಮ್ಮನ ಮನೆಗೆ ಹೊರಟುಹೋದಳು. ಮಾತ್ರೆಗಳನ್ನು ಜೊತೆಗೆ ಕಳಿಸಿದ್ದೇನೆ, ನೀನು ಹೇಳಿದ ಅಂಗಡಿಯದೇ.

ಎರಡು ಗುಡ್ಡಗಳ ವಿಷಯದ ಬಗ್ಗೆ ನಾನು ಇಲ್ಲಿ ಏನನ್ನೂ ಬರೆಯುವುದಿಲ್ಲ.

ಸಗಿನ್‌ಬಾಯ್


ಬಿಷ್ಕೆಕ್
ಅಕ್ಟೋಬರ್ 13

ಬುರುಲ್,

ನೀನು ಫೋನ್ ಎತ್ತುತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಓದುವುದು ಬಿಡುವುದು ನಿನಗೆ ಸೇರಿದ್ದು. ನಡೆದದ್ದನ್ನು ನಡೆದಂತೆ ತಿಳಿಸುವುದು ನನ್ನ ಹೊಣೆ.

ಜಿಪಾರ್ ಸಭೆಯ ಹಿಂದಿನ ದಿನ ಬಂದಳು. ಮುಖದ ಚರ್ಮ ಬಿಸಿಲಿಗೂ ಮಂಜಿಗೂ ಸುಲಿದಿತ್ತು. ಕಪ್ಪು ಶಾಲನ್ನು ನೀನು ಕಟ್ಟಿಕೊಟ್ಟಿದ್ದ ರೀತಿಯಲ್ಲೇ ಕಟ್ಟಿಕೊಂಡಿದ್ದಳು. ಸಭೆಯ ಕೋಣೆಗೆ ಬಂದವಳು ಏಳು ಮಂದಿ ಗಂಡಸರು ಕುಳಿತಿದ್ದುದನ್ನು ಕಂಡು, ಯಾರೂ ಹೇಳದೆಯೇ ಚಹಾದ ಕುಡಿಕೆಯ ಬಳಿಗೆ ಹೋದಳು. ಹಿರಿಯರಿಗೆ ಬಡಿಸಬೇಕಾದಂತೆ ಪ್ರತಿ ಬಟ್ಟಲಿಗೂ ಅರ್ಧವಷ್ಟೇ ಸುರಿದು, ಎದೆಯ ಮೇಲೆ ಒಂದು ಕೈಯಿಟ್ಟು ಒಬ್ಬೊಬ್ಬರಿಗೂ ಕೊಟ್ಟಳು. ನನಗೆ ಕೊನೆಯಲ್ಲಿ ಕೊಟ್ಟಳು. ಆಮೇಲೆ ಬಾಗಿಲ ಬಳಿ ಹೋಗಿ ನಿಂತಳು.

ನಾನು ಮಾತಾಡಿದೆ. ಸೈರನ್ ಇಲ್ಲದೆ ಮಲಗುವ ಊರುಗಳ ಹೆಸರು ಹೇಳಿದೆ. ನಕ್ಷೆ ವಿಭಾಗದ ಮುದುಕರು ಕಣ್ಣೊರೆಸಿಕೊಂಡರು. ಕಚ್ಕಿನ್‌ಬಾಯ್ ಹೇಳಿದ: "ಈಗ ಮನೆ ಸೊಸೆ ಮಾತಾಡ್ತಾಳಂತೆ. ಕೇಳೋರು ಕೇಳಿ, ಆಗಲ್ಲ ಅನ್ನೋರು ಚಹಾ ಕುಡೀರಿ."

ಅವಳು ಕಿಟಕಿಯ ಕಡೆ ಮುಖ ಮಾಡಿ ಶುರು ಮಾಡಿದಳು. ನನ್ನ ಮುಖ ನೋಡಬಾರದೆಂಬ ಸಂಕೋಚ. ಮೂರು ಮಾತಿಗೆ ನಾನು ತಡೆದೆ.

"ನನ್ನ ಕಡೆ ತಿರುಗಿ ಹೇಳು. ಕಿಟಕಿ ಮತ ಹಾಕೋದಿಲ್ಲ."

"ತಿರುಗಿದ್ರೆ ಧ್ವನಿ ಹೊರಡಲ್ಲ ಅತಾ."

"ಹೊರಡುತ್ತೆ. ಕಾಗದದಲ್ಲಿ ಹೊರಟಿತ್ತಲ್ಲ."

ತಿರುಗಿದಳು. ಬುರುಲ್, ನಮ್ಮ ಮನೆಯಲ್ಲಿ ಅಷ್ಟು ವರ್ಷ ಅವಳಿದ್ದರೂ ಅವಳ ಕಣ್ಣು ಯಾವ ಬಣ್ಣದ್ದೆಂದು ನನಗೆ ಗೊತ್ತಿರಲಿಲ್ಲ. ಪ್ರಸ್ತಾವದಲ್ಲಿ ಪ್ರಶ್ನೆ ಇಲ್ಲ ಎಂದಳು. ಅಳೆಯದೆ ಬಿಟ್ಟ ಬೇಸಿಗೆ ಮರಳಿ ಬರುವುದಿಲ್ಲ ಎಂದಳು. ಮೆದೆರ್ ಏನು ಕೇಳುತ್ತಿದ್ದ ಎಂಬುದನ್ನೂ ಹೇಳಿ, ಅದನ್ನು ನಾಲ್ಕನೆಯದಾಗಿ ಬರೆದರೂ ಸರಿ, ಅವನು ಕೇಳಿದ ಹಾಗೇ ಬರೆಯಿರಿ ಎಂದಳು. ಖಂಡಿಸುವ ಸರದಿ ನನ್ನದಾಯಿತು.

"ಹಿಮನದಿ ಈವರೆಗೆ ನಮ್ಮಲ್ಲಿ ಯಾರ ಮನೆಯನ್ನೂ ಮುಳುಗಿಸಿಲ್ಲ. ಗುಡ್ಡ ಮುಳುಗಿಸಿದೆ" ಎಂದೆ.

"ಕೊಂದಿದ್ದನ್ನೇ ಮೊದ್ಲು ಓದ್ಬೇಕು ಅಂದ್ರೆ ಅತಾ, ನಾವು ಯಾವಾಗ್ಲೂ ಹೆಣದ ಹಿಂದೇನೇ ನಡೀತಿರ್ತೀವಿ" ಎಂದಳು.

ನನ್ನಲ್ಲಿ ಉತ್ತರವಿತ್ತು, ಹೇಳಿದೆ, ಕೆಟ್ಟ ಉತ್ತರವೇನೂ ಆಗಿರಲಿಲ್ಲ. ಆದರೆ ಅಷ್ಟರಲ್ಲಿ ಗಂಡಸರು ಒಬ್ಬರನ್ನೊಬ್ಬರು ನೋಡತೊಡಗಿದ್ದರು. ಏಪ್ರಿಲಿನಿಂದ ನನ್ನ ಎದುರು ಕುಳಿತವರೆಲ್ಲ ನೆಲವನ್ನೇ ನೋಡುತ್ತಿದ್ದರು. ಅಂದು ಮೊದಲ ಸಲ ತಲೆಯೆತ್ತಿ ಜಗಳವಾಡಿದರು. ನಕ್ಷೆ ವಿಭಾಗದ ಮುದುಕರು "ಸಗಿನ್‌ಬಾಯ್, ನಿನ್ನ ಪ್ರಸ್ತಾವದ ಎರಡನೇ ಪುಟ ಶುದ್ಧ ಕಸ" ಎಂದರು. ಕೇಳಿ ಕಿವಿ ತಂಪಾಯಿತು ಎಂದರೆ ನೀನು ನಂಬುವುದಿಲ್ಲ.

ಕೈ ಎತ್ತುವ ಹೊತ್ತಿಗೆ ಮೂವರು ಗುಡ್ಡದ ಕಡೆ, ಮೂವರು ಹಿಮನದಿಯ ಕಡೆ ಆದರು. ಕಚ್ಕಿನ್‌ಬಾಯ್ ನನ್ನತ್ತ ನೋಡಿದ.

"ದೋಸ್ತ್, ನಿನ್ನ ಕೈ ಎಲ್ಲಿ?"

ಮೇಜಿನ ಕೆಳಗಿತ್ತು. ನಾನದನ್ನು ಹಿಮನದಿಗೆ ಎತ್ತಿದೆ.

ಇಷ್ಟನ್ನು ಬೇರೆಯವರಿಂದಲೂ ಕೇಳಿರುತ್ತೀಯೆ. ಬೇರೆಯವರಿಗೆ ತಿಳಿಯದ್ದು ಇದು: ಕೈ ಮೇಲಿದ್ದ ಆ ಹೊತ್ತಿನಲ್ಲಿ ನನಗೆ ಹಗುರವಾಯಿತು. ಏಪ್ರಿಲಿನಿಂದ ಎದೆಯ ಮೇಲೆ ಕುಳಿತಿದ್ದದ್ದು ಎದ್ದುಹೋಯಿತು. ನನ್ನ ಮಗನ ವಿರುದ್ಧ ಕೈ ಎತ್ತುವಾಗ ಹಗುರವಾಗುವ ಹಕ್ಕು ನನಗಿಲ್ಲ. ಸಂಜೆಯ ಹೊತ್ತಿಗೆ ಭಾರ ತನ್ನ ಜಾಗಕ್ಕೆ ಮರಳಿತು, ಆ ಹಗುರವಾದ ಕ್ಷಣದ ಲೆಕ್ಕವನ್ನೂ ಕೂಡಿಸಿಕೊಂಡು.

ಅವನನ್ನು ಎರಡನೆಯ ಸಲ ಮಣ್ಣು ಮಾಡಿದಿರಿ ಎಂದು ನೀನು ಹೇಳುವೆ. ಅಲ್ಲವೆಂದು ವಾದಿಸಲು ನನ್ನಲ್ಲಿ ಸಾಕಷ್ಟು ಯುಕ್ತಿಗಳಿವೆ. ವಾದಿಸುವುದಿಲ್ಲ.

ಸಗಿನ್‌ಬಾಯ್


ನರಿನ್
ಅಕ್ಟೋಬರ್ 24

ಮೆದೆರ್‌ನ ತಂದೆಯವರಿಗೆ,

ನಿಮ್ಮ ಕಾಗದವನ್ನು ತಮ್ಮನ ಮಗಳಿಂದ ಓದಿಸಲಿಲ್ಲ, ನಾನೇ ಓದಿದೆ. ಕನ್ನಡಕ ಅಲ್ಲೇ ಬಿಟ್ಟು ಬಂದಿದ್ದೆನಾದ್ದರಿಂದ ನಾಲ್ಕು ದಿನ ಹಿಡಿಯಿತು.

ನೀವು ಕೈ ಎತ್ತಿದ್ದು ಸರಿಯೋ ತಪ್ಪೋ ನನಗೆ ತಿಳಿಯದು. ಅವನ ಪ್ರಶ್ನೆಯನ್ನು ನಾಲ್ಕನೆಯದಾಗಿ ಬರೆದರೆಂದು ಕಚ್ಕಿನ್‌ಬಾಯ್‌ರ ಹೆಂಡತಿ ಫೋನಿನಲ್ಲಿ ಹೇಳಿದರು. ಹಣವಿಲ್ಲದ ಸ್ಥಾನವಂತೆ. ನನಗೆ ಸ್ಥಾನಗಳು ಅರ್ಥವಾಗುವುದಿಲ್ಲ. ನನ್ನ ಮಗ ಮೂರನೆಯವನೂ ಅಲ್ಲ, ನಾಲ್ಕನೆಯವನೂ ಅಲ್ಲ. ನಿಮಗೆ ಹಗುರವಾಯಿತೆಂದು ಬರೆದಿದ್ದೀರಿ. ಅದನ್ನು ನನಗೆ ಬರೆಯಬಾರದಿತ್ತು. ಬರೆದಿರಿ, ಇರಲಿ.

ಈ ತಿಂಗಳು ಇಲ್ಲೇ ಇರುತ್ತೇನೆ. ಮುಂದಿನದು ಮುಂದೆ.

ಒಂದೇ ಒಂದು ಕೇಳಬೇಕು. ಅವಳು ನಿಮಗೆಲ್ಲ ಚಹಾ ಬಡಿಸಿದಳು ಎಂದು ಬರೆದಿದ್ದೀರಿ. ಒಂದೂವರೆ ದಿನ ಲಾರಿಯಲ್ಲಿ ಕುಳಿತು ಮಂಜಿನಿಂದ ಇಳಿದು ಬಂದ ಹುಡುಗಿ, ಅಷ್ಟು ಮಂದಿಯ ಎದುರು ನಿಂತು ಗಂಟಲು ಒಣಗಿಸಿಕೊಂಡವಳು. ಅವಳಿಗೆ ಚಹಾ ಯಾರು ಬಡಿಸಿದರು?

ಬುರುಲ್


ಬಿಷ್ಕೆಕ್
ಅಕ್ಟೋಬರ್ 28

ಬುರುಲ್,

ಯಾರೂ ಬಡಿಸಲಿಲ್ಲ. ಚಹಾದ ಕುಡಿಕೆ ನನ್ನ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು.

ಸಗಿನ್‌ಬಾಯ್